ನಂಬಿಕೆ ಎರಡೂ ಕಡೆಯದು: ವಿಮೆಯ ತಕರಾರುಗಳ ಕುರಿತು

(ಸಾಗರ ತಾಲ್ಲೂಕಿನ ಒಂದು ಸಹಕಾರ ಸಂಘದ ಸಭಾಭವನದಲ್ಲಿ ಅಡಿಕೆ ಬೆಳೆಗಾರರ ಮುಂದೆ ಆಡಿದ ಮಾತುಗಳ ಬರಹ ರೂಪ)

ಶಿವಮೊಗ್ಗದ ನನ್ನ ಕಚೇರಿಗೆ ವಿಮೆಯ ತಕರಾರು ಹೊತ್ತು ಬರುವವರ ಕೈಯಲ್ಲಿ ಸಾಮಾನ್ಯವಾಗಿ ಒಂದು ಪ್ಲಾಸ್ಟಿಕ್ ಕವರ್ ಇರುತ್ತದೆ. ಅದರೊಳಗೆ ಪಾಲಿಸಿಯ ಪುಸ್ತಿಕೆ, ಕಂತು ಕಟ್ಟಿದ ರಸೀದಿಗಳು, ಆಸ್ಪತ್ರೆಯ ಬಿಲ್ಲುಗಳು ಅಥವಾ ಪೊಲೀಸ್ ಠಾಣೆಯ ಎಫ್‌ಐಆರ್ ಪ್ರತಿ, ಎಲ್ಲಕ್ಕಿಂತ ಮೇಲೆ ಇಂಗ್ಲಿಷಿನಲ್ಲಿ ಅಚ್ಚಾದ ಒಂದು ಪುಟದ ಪತ್ರ. ತಮ್ಮ ಕ್ಲೇಮನ್ನು ಮಾನ್ಯ ಮಾಡಲು ಆಗುತ್ತಿಲ್ಲ, ವಿಷಾದಿಸುತ್ತೇವೆ ಎಂದು ಆ ಪತ್ರ ಮುಗಿಯುತ್ತದೆ. "ಇದಕ್ಕೆ ಏನಾದರೂ ಮಾಡಲು ಬರುತ್ತದೆಯೇ ವಕೀಲರೇ?" ಎಂದು ಬಂದವರು ಕೇಳುತ್ತಾರೆ. ನಾನು ತಿರುಗಿ ಕೇಳುವುದು, ಪಾಲಿಸಿ ಮಾಡಿಸಿದ ದಿನ ಪ್ರಪೋಸಲ್ ಫಾರ್ಮ್ ತುಂಬಿದವರು ಯಾರು ಎಂದು. ಪಾಲಿಸಿ ಹುಟ್ಟಿದ ದಿನದ ಆ ಅರ್ಜಿ ಮತ್ತು ಕ್ಲೇಮು ಬಿದ್ದುಹೋದ ದಿನದ ಈ ಪತ್ರ, ಇವೆರಡು ಕಾಗದಗಳ ನಡುವೆಯೇ ಹೆಚ್ಚಿನ ವಿಮಾ ವ್ಯಾಜ್ಯಗಳ ಸೋಲು ಗೆಲುವು ಅಡಗಿರುತ್ತದೆ ಎಂಬುದು ಇಷ್ಟು ವರ್ಷಗಳ ವಕೀಲಿಕೆಯಲ್ಲಿ ನಾನು ಕಂಡುಕೊಂಡ ಸಂಗತಿ. ಇಂದು ನಾನು ಆಡಬೇಕೆಂದಿರುವ ಮಾತು ಮುಖ್ಯವಾಗಿ ಈ ಎರಡು ಕಾಗದಗಳ ಬಗ್ಗೆ, ಮತ್ತು ಇವನ್ನು ಬರೆಯುವಾಗ ಯಾರು ಯಾರಿಗೆ ಎಷ್ಟು ಪ್ರಾಮಾಣಿಕವಾಗಿರಬೇಕು ಎಂಬುದರ ಬಗ್ಗೆ.

ವಿಮೆಯ ಕಾನೂನಿನ ಬುಡದಲ್ಲಿ ಒಂದು ತತ್ತ್ವವಿದೆ. ಸಂತೆಯಲ್ಲಿ ಎತ್ತು ಕೊಳ್ಳುವವನು ಹಲ್ಲು ನೋಡಿ, ನಡಿಗೆ ನೋಡಿ ಕೊಳ್ಳಬೇಕು; ಮಾರುವವನು ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕೆಂದಿಲ್ಲ. ವಿಮೆ ಹಾಗಲ್ಲ. ಅಪಾಯದ ಬಗ್ಗೆ ಗೊತ್ತಿರುವುದು ವಿಮೆ ಮಾಡಿಸುವವನಿಗೆ ಮಾತ್ರ, ಕಂಪನಿ ಅವನ ಮಾತನ್ನು ನಂಬಿ ಬೆಲೆ ಕಟ್ಟುತ್ತದೆ. ಆದ್ದರಿಂದ ಇಲ್ಲಿ ಸಂಪೂರ್ಣ ಸದ್ಭಾವ ಬೇಕು ಎನ್ನುತ್ತದೆ ಕಾನೂನು. ಕಂಪನಿಗಳ ಪರ ವಕೀಲರು ಈ ತತ್ತ್ವವನ್ನು ಪ್ರತಿಯೊಂದು ತಕರಾರು ಅರ್ಜಿಯಲ್ಲೂ ತಪ್ಪದೆ ಬರೆಯುತ್ತಾರೆ. ಆದರೆ ಅದು ಹುಟ್ಟಿದ ಮೊಕದ್ದಮೆಯ ಕಥೆಯನ್ನು ಅವರು ಹೇಳುವುದು ಕಡಿಮೆ. 1766ರಲ್ಲಿ ಇಂಗ್ಲೆಂಡಿನ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ತೀರ್ಮಾನಿಸಿದ ಕಾರ್ಟರ್ ವಿರುದ್ಧ ಬೋಮ್ ಎಂಬ ಮೊಕದ್ದಮೆ ಅದು. ಸುಮಾತ್ರಾ ದ್ವೀಪದ ಬೆಂಕುಲೆನ್‌ನಲ್ಲಿ, ನಮ್ಮ ತೋಟಗಳಲ್ಲಿ ಬೆಳೆಯುವ ಅದೇ ಕರಿಮೆಣಸಿನ ವ್ಯಾಪಾರಕ್ಕಾಗಿ ಈಸ್ಟ್ ಇಂಡಿಯಾ ಕಂಪನಿ ಕಟ್ಟಿಕೊಂಡಿದ್ದ ಒಂದು ಕೋಟೆ ಇತ್ತು. ಅದು ಶತ್ರುಗಳ ವಶವಾದರೆ ತನಗೆ ಪರಿಹಾರ ಸಿಗಬೇಕೆಂದು ಅಲ್ಲಿನ ಗವರ್ನರ್ ಕಾರ್ಟರ್ ವಿಮೆ ಮಾಡಿಸಿದ್ದ. 1760ರಲ್ಲಿ ಫ್ರೆಂಚರು ಕೋಟೆ ಹಿಡಿದರು. ಕೋಟೆ ದುರ್ಬಲವಾಗಿದ್ದ ಸಂಗತಿಯನ್ನು ಮುಚ್ಚಿಟ್ಟಿದ್ದಾನೆ ಎಂದು ವಿಮೆ ಕೊಟ್ಟ ಬೋಮ್ ಹಣ ಕೊಡಲು ನಿರಾಕರಿಸಿದ. ಮ್ಯಾನ್ಸ್‌ಫೀಲ್ಡ್ ಸದ್ಭಾವದ ತತ್ತ್ವವನ್ನು ವಿಸ್ತಾರವಾಗಿ ಹೇಳಿದರು, ಅದು ಇಬ್ಬರನ್ನೂ ಕಟ್ಟಿಹಾಕುತ್ತದೆ ಎಂದರು, ಕೊನೆಗೆ ಗೆದ್ದವನು ಕಾರ್ಟರ್. ವಿಚಾರಿಸಿದ್ದರೆ ತಿಳಿಯಬಹುದಾಗಿದ್ದುದನ್ನು ವಿಚಾರಿಸದೆ ಕಂತು ಪಡೆದು, ನಷ್ಟವಾದ ಮೇಲೆ ಮುಚ್ಚಿಟ್ಟರೆಂದು ದೂರುವುದು ಸಲ್ಲದು ಎಂಬುದು ಆ ತೀರ್ಪಿನ ತಿರುಳು. ವಿಮೆ ಮಾಡಿಸಿದವನನ್ನು ಸೋಲಿಸಲು ಇಂದು ಬಳಕೆಯಾಗುವ ತತ್ತ್ವ ಹುಟ್ಟಿದ್ದು ವಿಮೆ ಮಾಡಿಸಿದವನು ಗೆದ್ದ ಮೊಕದ್ದಮೆಯಲ್ಲಿ ಎಂಬುದನ್ನು ತಾವೆಲ್ಲರೂ ನೆನಪಿಡಬೇಕೆಂದು ನನ್ನ ಆಸೆ.

ಇನ್ನು ನಮ್ಮೂರಿಗೆ ಬರೋಣ. ಹೊಸನಗರದ ಕಡೆ ಇರುವ ನನ್ನ ಅಣ್ಣ ಕೆಲವು ವರ್ಷಗಳ ಹಿಂದೆ ಆರೋಗ್ಯ ವಿಮೆ ಮಾಡಿಸಿದರು. ಏಜೆಂಟ್ ಪರಿಚಯದ ಹುಡುಗ. ಮನೆಯ ಜಗಲಿಯಲ್ಲಿ ಕುಳಿತು, ಕಾಫಿ ಕುಡಿಯುತ್ತ, ಫಾರ್ಮನ್ನು ತಾನೇ ತುಂಬಿದ. "ಬಿಪಿ, ಶುಗರ್ ಎಂಥಾರೂ ಇದ್ಯಾ ಗೌಡ್ರೇ?" ಎಂದು ಕೇಳಿದ್ದಕ್ಕೆ ಅಣ್ಣ, "ಒಂದ್ಸಲ ಡಾಕ್ಟ್ರು ಉಪ್ಪು ಕಮ್ಮಿ ಮಾಡಿ ಅಂದಿದ್ರು, ಮಾತ್ರೆ ಗೀತ್ರೆ ಎಂಥದೂ ಇಲ್ಲ ಮಾರಾಯ" ಎಂದರಂತೆ. ಹುಡುಗ 'ಇಲ್ಲ' ಎಂಬ ಚೌಕಕ್ಕೆ ಗುರುತು ಹಾಕಿ, ಪೆನ್ಸಿಲಿನಲ್ಲಿ ಗೆರೆ ಎಳೆದ ಕಡೆಗಳಲ್ಲೆಲ್ಲ ಸಹಿ ಮಾಡಿಸಿಕೊಂಡು ಹೋದ. ಮೂರನೆಯ ವರ್ಷದಲ್ಲಿ ಅಣ್ಣನಿಗೆ ಹೃದಯಾಘಾತವಾಯಿತು. ರಾತ್ರೋರಾತ್ರಿ ಘಟ್ಟ ಇಳಿಸಿ ದೊಡ್ಡ ಆಸ್ಪತ್ರೆಗೆ ಸೇರಿಸಿದಾಗ ಪಾಳಿಯಲ್ಲಿದ್ದ ಕಿರಿಯ ವೈದ್ಯರು ಅತ್ತಿಗೆಯನ್ನು ನಾಲ್ಕು ಪ್ರಶ್ನೆ ಕೇಳಿದರು. ಗಾಬರಿಯಲ್ಲಿದ್ದ ಅತ್ತಿಗೆ ಹಿಂದೆ ಯಾವಾಗಲೋ ಬಿಪಿ ಇದೆ ಅಂದಿದ್ದರು ಎಂದರು. ಡಿಸ್ಚಾರ್ಜ್ ಸಮ್ಮರಿಯಲ್ಲಿ ಅದು 'ಐದು ವರ್ಷಗಳಿಂದ ರಕ್ತದೊತ್ತಡ' ಎಂದಾಯಿತು. ಮೂರು ಲಕ್ಷ ಮೀರಿದ ಬಿಲ್ಲನ್ನು ಕಂಪನಿ ಆ ಒಂದು ಸಾಲಿನ ಮೇಲೆ ತಿರಸ್ಕರಿಸಿತು. ಒಬ್ಬ ವೈದ್ಯರನ್ನು ಕೇಳಲಿಲ್ಲ, ಹಳೆಯ ಚೀಟಿಗಳನ್ನು ಹುಡುಕಲಿಲ್ಲ, ಅಣ್ಣನಿಗೆ ಒಂದು ಫೋನು ಮಾಡಿ ವಿಚಾರಿಸಲಿಲ್ಲ.

ಸ್ವಂತ ಮನೆಯ ಮೊಕದ್ದಮೆಯಾದ್ದರಿಂದ ನಾನು ವಕಾಲತ್ತು ಹಾಕದೆ ಸಹೋದ್ಯೋಗಿಯೊಬ್ಬರಿಗೆ ವಹಿಸಿದೆ. ಜಿಲ್ಲಾ ಗ್ರಾಹಕ ಆಯೋಗದಲ್ಲಿ ಅದು ಹೆಚ್ಚುಕಡಿಮೆ ಎರಡು ವರ್ಷ ನಡೆಯಿತು. ಕಂಪನಿ ಹಾಜರುಪಡಿಸಿದ್ದು ಡಿಸ್ಚಾರ್ಜ್ ಸಮ್ಮರಿಯ ನೆರಳಚ್ಚು ಪ್ರತಿ ಮಾತ್ರ. ಅದನ್ನು ಬರೆದ ವೈದ್ಯರ ಪ್ರಮಾಣಪತ್ರ ಇರಲಿಲ್ಲ, ಪಾಲಿಸಿಗೆ ಮುಂಚೆ ಅಣ್ಣ ರಕ್ತದೊತ್ತಡಕ್ಕೆ ಚಿಕಿತ್ಸೆ ಪಡೆದಿದ್ದಕ್ಕೆ ದಾಖಲೆ ಇರಲಿಲ್ಲ. ಆಯೋಗ ಬಡ್ಡಿಯೊಂದಿಗೆ ಹಣ ಕೊಡುವಂತೆ ಆದೇಶಿಸಿತು. ಆಸ್ಪತ್ರೆಯ ಚೀಟಿಯಲ್ಲಿ ರೋಗದ ಹಿನ್ನೆಲೆ ಎಂದು ಬರೆದ ಮಾತು ತಾನೇ ತಾನಾಗಿ ಪುರಾವೆಯಲ್ಲ, ಅದನ್ನು ಬರೆದವರ ಮೂಲಕ ರುಜುವಾತು ಮಾಡಬೇಕು ಎಂದು ಗ್ರಾಹಕ ಆಯೋಗಗಳು ಹಲವು ಬಾರಿ ಹೇಳಿವೆ. ಮುಚ್ಚಿಟ್ಟಿದ್ದಾರೆ ಎನ್ನುವವರೇ ಅದನ್ನು ಸಾಬೀತು ಮಾಡಬೇಕೆಂಬುದನ್ನು ಸುಪ್ರೀಂ ಕೋರ್ಟ್ 2024ರ ಮಹಾಕಾಳಿ ಸುಜಾತಾ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ರೈಲು ಅಪಘಾತದಲ್ಲಿ ತೀರಿಕೊಂಡ ವ್ಯಕ್ತಿ ತನ್ನ ಹಿಂದಿನ ಪಾಲಿಸಿಗಳನ್ನು ತಿಳಿಸಿರಲಿಲ್ಲ ಎಂದು ಜೀವ ವಿಮಾ ಕಂಪನಿ ಒಂದು ಪಟ್ಟಿ ಮಾಡಿ ತೋರಿಸಿತ್ತು. ಆ ಪಟ್ಟಿಗೆ ಆಧಾರವಾದ ದಾಖಲೆಗಳನ್ನು ತರಲಿಲ್ಲ. ಪಟ್ಟಿ ಪುರಾವೆಯಾಗಲಿಲ್ಲ, ಮಗಳಿಗೆ ಹಣ ಸಂದಾಯವಾಗಬೇಕಾಯಿತು.

ಆದರೂ ಅಣ್ಣನ ಗೆಲುವಿನಿಂದ ತಪ್ಪು ತಿಳಿವಳಿಕೆ ಬೆಳೆಯಬಾರದು. ನಿಜವಾಗಿ ಮುಚ್ಚಿಟ್ಟವರು ಸೋತಿದ್ದಾರೆ, ಸೋಲಬೇಕಾದದ್ದೂ ಹೌದು. 2009ರ ಸತ್ವಂತ್ ಕೌರ್ ಸಂಧು ಪ್ರಕರಣದಲ್ಲಿ ಸಕ್ಕರೆ ಕಾಯಿಲೆ, ಅದರಿಂದಾದ ಮೂತ್ರಪಿಂಡದ ತೊಂದರೆ ಗೊತ್ತಿದ್ದೂ ಆರೋಗ್ಯ ಚೆನ್ನಾಗಿದೆ ಎಂದು ಬರೆದುಕೊಟ್ಟಿದ್ದರು. ವಿವೇಕವುಳ್ಳ ವಿಮಾದಾರನ ನಿರ್ಧಾರದ ಮೇಲೆ ಪರಿಣಾಮ ಬೀರುವ ಸಂಗತಿಯೆಲ್ಲ ಮಹತ್ವದ ಸಂಗತಿಯೇ ಎಂದು ಹೇಳಿ ಸುಪ್ರೀಂ ಕೋರ್ಟ್ ಕಂಪನಿಯ ಪರ ತೀರ್ಪು ಕೊಟ್ಟಿತು. ಸುಟ್ಟುಹೋದದ್ದು ಮೂರು ಕ್ವಿಂಟಾಲ್ ಅಡಿಕೆ, ಹದಿಮೂರು ಎಂದು ಬರೆಸೋಣ ಎಂದು ಕೇಳಿದವರಿಗೆ ನಾನು ಕಡತ ವಾಪಸು ಕೊಟ್ಟು ಕಳಿಸಿದ್ದೇನೆ. ಉಬ್ಬಿಸಿದ ಹತ್ತು ಕ್ವಿಂಟಾಲಿನ ಸುಳ್ಳು ಹೊರಬಿದ್ದರೆ ನಿಜವಾದ ಮೂರು ಕ್ವಿಂಟಾಲೂ ಹೋಗುತ್ತದೆ, ಮತ್ತು ನಾಳೆ ನಿಜವಾಗಿ ನಷ್ಟವಾದ ಪಕ್ಕದ ಮನೆಯವರನ್ನೂ ನಷ್ಟ ಅಂದಾಜು ಮಾಡಲು ಬರುವ ಸರ್ವೇಯರ್ ಅನುಮಾನದಿಂದಲೇ ನೋಡುತ್ತಾನೆ.

ಏಜೆಂಟ್ ತುಂಬಿದ ಫಾರ್ಮಿನ ಹೊಣೆ ಯಾರದು ಎಂಬ ಪ್ರಶ್ನೆಗೆ ಜೀವ ವಿಮೆಯ ಮಟ್ಟಿಗೆ 1938ರ ವಿಮಾ ಕಾಯ್ದೆಯ 45ನೇ ಕಲಮಿನಲ್ಲಿ ಒಂದು ಉತ್ತರವಿದೆ. 2015ರ ತಿದ್ದುಪಡಿಯ ನಂತರ, ಪಾಲಿಸಿ ಶುರುವಾಗಿ ಮೂರು ವರ್ಷ ಕಳೆದ ಮೇಲೆ ಅದನ್ನು ಯಾವ ಕಾರಣಕ್ಕೂ ಪ್ರಶ್ನಿಸುವಂತಿಲ್ಲ. ಮೂರು ವರ್ಷದೊಳಗೆ ವಂಚನೆ ಅಥವಾ ಮಹತ್ವದ ಸಂಗತಿಯ ಸುಳ್ಳು ಹೇಳಿಕೆ ಎಂದು ಪ್ರಶ್ನಿಸುವುದಾದರೆ ಅದರ ಆಧಾರವನ್ನು ಲಿಖಿತವಾಗಿ ತಿಳಿಸಬೇಕು. ವಿಮೆ ಮಾಡಿಸಲು ಮನೆಗೆ ಬಂದು ಮಾತುಕತೆ ನಡೆಸಿದವನನ್ನು ಒಪ್ಪಂದ ಏರ್ಪಡುವ ಮಟ್ಟಿಗೆ ಕಂಪನಿಯ ಪ್ರತಿನಿಧಿ ಎಂದೇ ಭಾವಿಸಬೇಕೆಂದು ಅದೇ ಕಲಮಿನ ವಿವರಣೆ ಹೇಳುತ್ತದೆ. ಜಗಲಿಯಲ್ಲಿ ಕುಳಿತ ಆ ಹುಡುಗನ ಕಿವಿ ಕಂಪನಿಯ ಕಿವಿ ಎಂದು ನಾನು ಇದನ್ನು ಕಕ್ಷಿದಾರರಿಗೆ ವಿವರಿಸುವುದುಂಟು. ಒಂದು ಎಚ್ಚರಿಕೆ: ಕಂತು ತಪ್ಪಿ ನಿಂತುಹೋದ ಪಾಲಿಸಿಯನ್ನು ಮತ್ತೆ ಚಾಲ್ತಿ ಮಾಡಿಸಿದರೆ ಮೂರು ವರ್ಷದ ಲೆಕ್ಕ ಆ ದಿನದಿಂದ ಹೊಸದಾಗಿ ಶುರುವಾಗುತ್ತದೆ. ಅಡಿಕೆ ಮಾರಾಟವಾದ ಮೇಲೆ ಕಟ್ಟಿದರಾಯಿತು ಎಂದು ಕಂತು ಮುಂದೂಡುವ ನಮ್ಮ ಅಭ್ಯಾಸದಿಂದ ಈ ರಕ್ಷಣೆ ಕೈತಪ್ಪಿದ ಮನೆಗಳನ್ನು ನಾನು ಬಲ್ಲೆ. ಆರೋಗ್ಯ ವಿಮೆಯಲ್ಲಿ ಇದೇ ಬಗೆಯ ಅವಧಿ 60 ತಿಂಗಳು. ಮುಂಚೆ ಎಂಟು ವರ್ಷವಿದ್ದುದನ್ನು ಹೈದರಾಬಾದಿನಲ್ಲಿರುವ ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಇಳಿಸಿತು. ಅಷ್ಟು ಕಾಲ ಬಿಡದೆ ನವೀಕರಿಸಿದ ಪಾಲಿಸಿಯ ಕ್ಲೇಮನ್ನು, ವಂಚನೆ ಸಾಬೀತಾದ ಹೊರತು, ರೋಗ ಮುಚ್ಚಿಟ್ಟಿದ್ದೀರಿ ಎಂದು ತಳ್ಳಿಹಾಕುವಂತಿಲ್ಲ.

ಎರಡನೆಯ ಕಾಗದಕ್ಕೆ, ತಿರಸ್ಕಾರದ ಪತ್ರಕ್ಕೆ ಬರುತ್ತೇನೆ. ಈ ಪತ್ರವನ್ನು ಸಿಟ್ಟಿನಲ್ಲಿ ಹರಿದು ಹಾಕಿದವರಿದ್ದಾರೆ. ಹರಿಯಬೇಡಿ, ಅದು ನಿಮ್ಮ ಕೈಯಲ್ಲಿರುವ ಅತ್ಯಂತ ಬೆಲೆಬಾಳುವ ದಾಖಲೆ. ಪತ್ರದಲ್ಲಿ ಬರೆದ ಕಾರಣದ ಆಚೆಗೆ ಕಂಪನಿ ನ್ಯಾಯಾಲಯದಲ್ಲಿ ಹೊಸ ಕಾರಣ ಹುಡುಕುವಂತಿಲ್ಲ. 2019ರ ಸೌರಾಷ್ಟ್ರ ಕೆಮಿಕಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು: ತಡವಾಗಿ ತಿಳಿಸಿದ್ದೀರಿ ಎಂಬ ಆಕ್ಷೇಪ ಪತ್ರದಲ್ಲಿ ಇಲ್ಲದಿದ್ದರೆ, ಮೊಕದ್ದಮೆ ಹೂಡಿದ ಮೇಲೆ ಅದನ್ನು ಎತ್ತಲು ಬರುವುದಿಲ್ಲ. ಪತ್ರ ಕೈಗೆ ಬಂದಾಗ ಅದರ ಒಂದೊಂದು ವಾಕ್ಯವನ್ನೂ ಬೆರಳಿಟ್ಟು ಓದಬೇಕು, ಇಂಗ್ಲಿಷು ಬಾರದಿದ್ದರೆ ಬಲ್ಲವರಿಂದ ಓದಿಸಿಕೊಳ್ಳಬೇಕು ಎನ್ನುವುದು ಇದಕ್ಕಾಗಿ.

ತಡವಾಯಿತು ಎಂಬ ಕಾರಣವೇ ಪತ್ರದಲ್ಲಿ ಇದ್ದರೆ? ಗುರ್ಶಿಂದರ್ ಸಿಂಗ್ ಎಂಬುವರ ಟ್ರ್ಯಾಕ್ಟರ್ 2010ರಲ್ಲಿ ಕಳುವಾಯಿತು. ಅಂದೇ ಪೊಲೀಸರಲ್ಲಿ ದೂರು ದಾಖಲಾಯಿತು. ವಿಮೆ ಕಂಪನಿಗೆ ತಿಳಿಸಿದ್ದು 52 ದಿನಗಳ ಮೇಲೆ. ತಕ್ಷಣ ತಿಳಿಸಬೇಕೆಂಬ ಷರತ್ತು ಮುರಿದಿದೆ ಎಂದು ಕಂಪನಿ ಕೈಯೆತ್ತಿತು. 2020ರಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ, ಪೊಲೀಸರಿಗೆ ಕೂಡಲೇ ದೂರು ಕೊಟ್ಟಿದ್ದು ಕಳವು ನಿಜವೆಂದು ಗೊತ್ತಾದ ಮೇಲೆ, ಕಂಪನಿಗೆ ತಿಳಿಸುವುದು ತಡವಾಯಿತೆಂಬುದೊಂದೇ ಕಾರಣಕ್ಕೆ ಕ್ಲೇಮು ತಳ್ಳುವಂತಿಲ್ಲ ಎಂದಿತು. ಇನ್ನೊಂದು, 2022ರ ಗುರ್ಮೇಲ್ ಸಿಂಗ್ ಪ್ರಕರಣ. ಲಾರಿ ಕಳುವಾದವರಿಂದ ಕಂಪನಿ ಆರ್‌ಸಿಯ ದೃಢೀಕೃತ ನಕಲು ಕೇಳಿತು. ಕಳವಿನ ವರದಿ ಇರುವುದರಿಂದ ಆ ದಾಖಲೆ ತಡೆಹಿಡಿದಿದೆ, ನಕಲು ಕೊಡಲು ಬರುವುದಿಲ್ಲ ಎಂದಿತು ಆರ್‌ಟಿಒ ಕಚೇರಿ. ಇವರು ನೆರಳಚ್ಚು ಪ್ರತಿಯನ್ನೂ ನೋಂದಣಿಯ ವಿವರವನ್ನೂ ಕೊಟ್ಟಿದ್ದರೂ ಸಾಲಲಿಲ್ಲ. ಕೊಡಲು ಸಾಧ್ಯವೇ ಇಲ್ಲದ ಕಾಗದ ಕೇಳಿ ಕ್ಲೇಮು ಮುಚ್ಚುವುದನ್ನು ಸುಪ್ರೀಂ ಕೋರ್ಟ್ ಕಟುವಾಗಿ ಟೀಕಿಸಿ ಹಣ ಕೊಡಿಸಿತು. ಮಲೆನಾಡಿನಲ್ಲಿ ಮಳೆಗಾಲದ ನಡುವೆ ಮರ ಬಿದ್ದು ರಸ್ತೆ ಮುಚ್ಚಿ, ಕರೆಂಟು ಹೋಗಿ, ನಾಲ್ಕಾರು ದಿನ ಮೊಬೈಲು ಸಿಗ್ನಲ್ಲೇ ಇಲ್ಲದ ಊರುಗಳಿವೆ. ತಡವಾದದ್ದೇಕೆ ಎಂಬುದಕ್ಕೆ ಇಂಥ ಕಾರಣ ನಿಮಗಿದ್ದರೆ ಅದನ್ನು ಕ್ಲೇಮಿನ ಮೊದಲ ಪತ್ರದಲ್ಲೇ ಬರೆಯಿರಿ, ಪಂಚಾಯಿತಿಯಿಂದಲೋ ಮೆಸ್ಕಾಂ ಕಚೇರಿಯಿಂದಲೋ ಒಂದು ಚೀಟಿ ಸಿಕ್ಕರೆ ಜೊತೆಗಿಡಿ.

ಅಡಿಕೆ ಸಾಗಿಸುವ ಪಿಕಪ್ ವಾಹನ ಓಡಿಸುವವರಿಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಹಗುರ ವಾಹನದ ಲೈಸೆನ್ಸ್ ಇದ್ದವರು ಸರಕು ವಾಹನ ಓಡಿಸಿದ್ದರೆಂದು ಅಪಘಾತದ ಕ್ಲೇಮು ತಳ್ಳುವ ವಾದಕ್ಕೆ 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ತೆರೆ ಎಳೆದಿದೆ. ಒಟ್ಟು ತೂಕ 7,500 ಕಿಲೋ ಮೀರದ ಸಾರಿಗೆ ವಾಹನವನ್ನು ಆ ಲೈಸೆನ್ಸಿನಲ್ಲೇ ಓಡಿಸಬಹುದು.

ಸಣ್ಣಕ್ಷರದ ಷರತ್ತುಗಳ ವಿಷಯದಲ್ಲಿ 2022ರ ಟೆಕ್ಸ್‌ಕೋ ಮಾರ್ಕೆಟಿಂಗ್ ತೀರ್ಪು ನನಗೆ ಬಹಳ ಮುಖ್ಯವೆನಿಸುತ್ತದೆ. ನೆಲಮಾಳಿಗೆಯಲ್ಲಿದ್ದ ಒಂದು ಅಂಗಡಿಗೆ ಬೆಂಕಿ ವಿಮೆ ಮಾಡಲಾಗಿತ್ತು. ಕಂಪನಿಯವರು ಬಂದು ಅಂಗಡಿ ನೋಡಿದ್ದರು, ಕಂತು ಪಡೆದಿದ್ದರು. ಬೆಂಕಿ ಬಿದ್ದ ಮೇಲೆ, ನೆಲಮಾಳಿಗೆಗೆ ಈ ಪಾಲಿಸಿ ಅನ್ವಯಿಸುವುದಿಲ್ಲ ಎಂಬ ಷರತ್ತು ತೆಗೆದು ತೋರಿಸಿದರು. ಯಾವುದಕ್ಕಾಗಿ ವಿಮೆ ಮಾಡಿಸಿದ್ದೋ ಅದನ್ನೇ ಹೊರಗಿಡುವ ಷರತ್ತು ಒಪ್ಪಂದವನ್ನೇ ನಾಶಮಾಡುತ್ತದೆ, ಅದನ್ನು ತಿಳಿಸದೆ ಹಣ ಪಡೆದದ್ದು ಅನ್ಯಾಯ ಎಂದು ಕೋರ್ಟು ಆ ಷರತ್ತನ್ನೇ ಬದಿಗೊತ್ತಿತು. ಹೊಗೆ ಅಟ್ಟದಲ್ಲಿ, ಕೊಟ್ಟಿಗೆಗೆ ಅಂಟಿದ ಗೋದಾಮಿನಲ್ಲಿ ಅಡಿಕೆ ಇಡುವವರು ತಾವು; ಕಟ್ಟಡವನ್ನು ಪಾಲಿಸಿಯಲ್ಲಿ ಹೇಗೆ ವರ್ಣಿಸಿದ್ದಾರೆ ಎಂದು ಈ ವಾರವೇ ತೆಗೆದು ನೋಡಿ. ಸರ್ವೇಯರ್ ವರದಿಯಲ್ಲಿ ನಷ್ಟ ಕಡಿಮೆ ಬರೆದಿದ್ದಾರೆ ಎಂದು ಎದೆಗುಂದುವುದೂ ಬೇಡ. ಅವರ ವರದಿ ಮುಖ್ಯ ಆಧಾರ ಹೌದು, ಕೊನೆಯ ಮಾತಲ್ಲ ಎಂದು 2009ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಪೂರ್ತಿ ತೃಪ್ತಿಯಿಂದ ಸ್ವೀಕರಿಸಿದ್ದೇನೆ ಎಂಬ ರಸೀದಿಗೆ ಸಹಿ ಮಾಡಿದ ಮೇಲೂ, ಆ ಸಹಿ ಒತ್ತಡದಿಂದಲೋ ವಂಚನೆಯಿಂದಲೋ ಬಂದದ್ದೆಂದು ತೋರಿಸಿದರೆ ಉಳಿದ ಹಣ ಕೇಳಬಹುದೆಂಬುದು 1999ರ ಅಜ್ಮೇರ್ ಸಿಂಗ್ ಕಾಟನ್ ಮಿಲ್ಸ್ ತೀರ್ಪು. ಆದರೆ ಒತ್ತಡವಿತ್ತೆಂದು ಹೇಳುವ ಪತ್ರವನ್ನು ವಾರ ಹತ್ತು ದಿನಗಳೊಳಗೆ ಕಳಿಸಿರಬೇಕು. ಎರಡು ವರ್ಷದ ನಂತರ ನೆನಪಾದ ಒತ್ತಡವನ್ನು ಆಯೋಗ ನಂಬುವುದು ಕಷ್ಟ.

ಈಗ ನನ್ನನ್ನು ಹೆಚ್ಚು ಕಾಡುವ ಪ್ರಶ್ನೆ. ವಿಮೆ ಮಾಡಿಸಿದವನು ಸದ್ಭಾವ ಮುರಿದರೆ ಅವನ ಇಡೀ ಕ್ಲೇಮು ಹೋಗುತ್ತದೆ. ಕಂಪನಿ ಸದ್ಭಾವ ಮುರಿದರೆ ಅದಕ್ಕೆ ಏನು ಹೋಗುತ್ತದೆ? ಕೊಡಲೇಬೇಕಿದ್ದ ಹಣವನ್ನು ಮೂರು ನಾಲ್ಕು ವರ್ಷ ತಡವಾಗಿ, ಸ್ವಲ್ಪ ಬಡ್ಡಿ, ಒಂದಿಷ್ಟು ಖರ್ಚು ಸೇರಿಸಿ ಕೊಡಬೇಕಾಗುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ಅಷ್ಟೇ. ತಪ್ಪು ತಿಳಿದು ತಿರಸ್ಕರಿಸುವುದು ಬೇರೆ, ತಪ್ಪೆಂದು ತಿಳಿದೂ ತಿರಸ್ಕರಿಸುವುದು ಬೇರೆ. ಎರಡನೆಯದನ್ನು ಪ್ರತ್ಯೇಕ ಅಪರಾಧದಂತೆ ನೋಡುವ ಪದ್ಧತಿ ಅಮೆರಿಕದಲ್ಲಿ, ಮುಖ್ಯವಾಗಿ ಕ್ಯಾಲಿಫೋರ್ನಿಯಾದ ನ್ಯಾಯಾಲಯಗಳಲ್ಲಿ ಬೆಳೆಯಿತು. 1973ರ ಗ್ರೂಯನ್‌ಬರ್ಗ್ ತೀರ್ಪಿನ ಪ್ರಕಾರ, ಕಾರಣವಿಲ್ಲದೆ ಕ್ಲೇಮು ತಡೆಹಿಡಿದ ಕಂಪನಿ ಪಾಲಿಸಿಯ ಮೊತ್ತದ ಜೊತೆಗೆ ಅದರಿಂದಾದ ಬೇರೆ ಹಾನಿಗೂ ಹೊಣೆ.

ಕೆನಡಾದ ಒಂದು ಪ್ರಕರಣವನ್ನು ನಾನು ಕಿರಿಯ ವಕೀಲರಿಗೆ ಯಾವಾಗಲೂ ಹೇಳುತ್ತೇನೆ. 1994ರ ಜನವರಿಯ ಒಂದು ನಡುರಾತ್ರಿ, ಒಂಟಾರಿಯೊ ಪ್ರಾಂತ್ಯದಲ್ಲಿ ವೈಟನ್ ಎಂಬ ಕುಟುಂಬದ ಮನೆಗೆ ಬೆಂಕಿ ಬಿತ್ತು. ಶೂನ್ಯಕ್ಕಿಂತ 18 ಡಿಗ್ರಿ ಕೆಳಗಿನ ಚಳಿಯಲ್ಲಿ ಉಟ್ಟ ರಾತ್ರಿಯುಡುಪಿನಲ್ಲೇ ಅವರು ಹೊರಗೋಡಿದರು. ಮನೆಯ ಯಜಮಾನರ ಕಾಲು ಹಿಮದಿಂದ ಗಾಯಗೊಂಡವು. ಬೆಂಕಿಯನ್ನು ಅವರೇ ಹಚ್ಚಿಕೊಂಡರು ಎಂದಿತು ಪೈಲಟ್ ಎಂಬ ವಿಮೆ ಕಂಪನಿ. ಅಗ್ನಿಶಾಮಕ ಮುಖ್ಯಸ್ಥರು ಹಾಗಿಲ್ಲ ಎಂದರು, ಕಂಪನಿಯೇ ಮೊದಲು ಕಳಿಸಿದ ತನಿಖೆಯವರೂ ಹಾಗಿಲ್ಲ ಎಂದರು. ಕಂಪನಿ ತನಗೆ ಬೇಕಾದ ಅಭಿಪ್ರಾಯ ಸಿಗುವ ತನಕ ಬೇರೆ ಬೇರೆ ಪರಿಣತರನ್ನು ಹುಡುಕುತ್ತ ಹೋಯಿತು, ಆ ಬಡ ಕುಟುಂಬದ ಬಾಡಿಗೆಮನೆಯ ಖರ್ಚನ್ನು ನಿಲ್ಲಿಸಿತು. ಬಳಲಿಸಿದರೆ ಕಡಿಮೆಗೆ ಒಪ್ಪುತ್ತಾರೆ ಎಂಬ ಲೆಕ್ಕಾಚಾರ. ಪಾಲಿಸಿಯ ಹಣದ ಮೇಲೆ 10 ಲಕ್ಷ ಡಾಲರ್ ದಂಡ ಪರಿಹಾರ ಕೊಡಬೇಕೆಂದು ಜ್ಯೂರಿ ಹೇಳಿತು, ಮೇಲ್ಮನವಿಯಲ್ಲಿ ಅದು ಒಂದು ಲಕ್ಷಕ್ಕೆ ಇಳಿಯಿತು, 2002ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಮತ್ತೆ 10 ಲಕ್ಷವನ್ನೇ ಎತ್ತಿಹಿಡಿಯಿತು. ಜನ ವಿಮೆ ಮಾಡಿಸುವುದು ಮನಸ್ಸಿನ ನೆಮ್ಮದಿಗಾಗಿ, ಆ ನೆಮ್ಮದಿ ಬೇಕಾದ ಹೊತ್ತಿನಲ್ಲೇ ಅವರ ಅಸಹಾಯಕತೆಯನ್ನು ಕಂಪನಿ ತನ್ನ ಲಾಭಕ್ಕೆ ಬಳಸಿಕೊಳ್ಳುವಂತಿಲ್ಲ ಎಂಬ ವಿಚಾರ ಆ ತೀರ್ಪಿನ ಉದ್ದಕ್ಕೂ ಹರಿಯುತ್ತದೆ.

ನಮ್ಮ ಕಾನೂನಿನಲ್ಲಿ ದುರುದ್ದೇಶದ ತಿರಸ್ಕಾರಕ್ಕೆ ಬೇರೆ ಹೆಸರಿಲ್ಲ. ಸೇವಾ ನ್ಯೂನತೆ ಅಥವಾ ಅನುಚಿತ ವ್ಯಾಪಾರ ಪದ್ಧತಿ ಎಂಬ ತಲೆಬರಹದ ಕೆಳಗೆ ಅದು ಬರುತ್ತದೆ. ದಂಡರೂಪದ ಪರಿಹಾರ ಕೊಡಿಸುವ ಅಧಿಕಾರ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 39ನೇ ಕಲಮಿನಲ್ಲಿ ಜಿಲ್ಲಾ ಆಯೋಗಗಳಿಗೇ ಇದೆ. ಅದು ಬಳಕೆಯಾಗುವುದು ತೀರ ಅಪರೂಪ, ಇದರಲ್ಲಿ ನಮ್ಮ ವಕೀಲರ ತಪ್ಪೂ ಇದೆ. ಮಾನಸಿಕ ಹಿಂಸೆಗೆ ಇಷ್ಟು, ಖರ್ಚಿಗೆ ಇಷ್ಟು ಎಂದು ಅಭ್ಯಾಸಬಲದಿಂದ ಬರೆದು ಮುಗಿಸುತ್ತೇವೆ. ಕಂಪನಿಗೆ ಯಾವ ದಿನ ಯಾವ ದಾಖಲೆ ತಲುಪಿತ್ತು, ಅದನ್ನು ಓದಿದ ಮೇಲೂ ಏಕೆ ತಿರಸ್ಕರಿಸಿತು ಎಂಬುದನ್ನು ದಿನಾಂಕ ಸಹಿತ ಬಿಡಿಸಿಡುವ ಶ್ರಮ ತೆಗೆದುಕೊಳ್ಳುವುದಿಲ್ಲ. ದುರುದ್ದೇಶ ಕಾಣಿಸುವುದು ಕಡತದ ದಿನಾಂಕಗಳಲ್ಲಿ. ಕಂಪನಿಯ ಆಂತರಿಕ ಟಿಪ್ಪಣಿ, ತನಿಖಾ ವರದಿ, ಸರ್ವೇಯರ್ ಜೊತೆಗಿನ ಪತ್ರವ್ಯವಹಾರ ಇವನ್ನು ಹಾಜರುಪಡಿಸುವಂತೆ ಅರ್ಜಿ ಹಾಕಬೇಕು. ಈಗ ಆರೋಗ್ಯ ವಿಮೆಯಲ್ಲಿ ಕಂಪನಿಯ ಪರಿಶೀಲನಾ ಸಮಿತಿಯ ಒಪ್ಪಿಗೆಯಿಲ್ಲದೆ ಕ್ಲೇಮು ತಿರಸ್ಕರಿಸುವಂತಿಲ್ಲ ಎಂಬ ನಿಯಮ ಬಂದಿದೆ. ಆ ಸಮಿತಿ ಏನು ನೋಡಿ ಒಪ್ಪಿತು ಎಂದು ಕೇಳುವ ಹಕ್ಕನ್ನು ನಾವು ಚಲಾಯಿಸಬೇಕು.

ಬೆಳೆ ವಿಮೆಯ ಮಾತಿಲ್ಲದೆ ಈ ಸಭೆಯಿಂದ ಏಳಲು ತಾವು ಬಿಡುವುದಿಲ್ಲ ಎಂದು ಬಲ್ಲೆ. ಅಡಿಕೆ, ಕಾಳುಮೆಣಸಿಗೆ ನಮ್ಮಲ್ಲಿರುವುದು ಹವಾಮಾನ ಆಧಾರಿತ ವಿಮೆ, ರೈತರ ವಂತಿಗೆ ವಿಮಾ ಮೊತ್ತದ ಶೇ. 5. ಇದರ ಸ್ವರೂಪವೇ ಬೇರೆ. ಇಲ್ಲಿ ಯಾರೂ ನಿಮ್ಮ ತೋಟಕ್ಕೆ ಬಂದು ಕೊಳೆ ರೋಗಕ್ಕೆ ಉದುರಿದ ಕಾಯಿ ಎಣಿಸುವುದಿಲ್ಲ. ಪಂಚಾಯಿತಿಯ ಮಳೆ ಮಾಪಕ ದಾಖಲಿಸಿದ ಅಂಕಿ ನಿಗದಿತ ಮಿತಿ ದಾಟಿದರೆ ಹಣ ಬರುತ್ತದೆ, ದಾಟದಿದ್ದರೆ ತೋಟ ಬರಿದಾದರೂ ಬರುವುದಿಲ್ಲ. ಇದೇ ಜಿಲ್ಲೆಯ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೀರಿ ಮಳೆ ಸುರಿದರೆ ಶಿಕಾರಿಪುರದ ಕಡೆ ಅದರ ಕಾಲುಭಾಗವೂ ಇಲ್ಲ. ಒಂದೇ ಪಂಚಾಯಿತಿಯೊಳಗೆ ಗುಡ್ಡದ ಈ ಮಗ್ಗುಲಿಗೂ ಆ ಮಗ್ಗುಲಿಗೂ ವ್ಯತ್ಯಾಸವಿದೆ. ಇಂಥ ನೆಲದಲ್ಲಿ ಒಂದು ಕೆಟ್ಟ ಮಾಪಕ ಇಡೀ ಊರಿನ ಪರಿಹಾರವನ್ನು ನುಂಗಬಲ್ಲದು. ಆದ್ದರಿಂದ ಬೆಳೆ ವಿಮೆಯಲ್ಲಿ ವ್ಯಾಜ್ಯದ ವಸ್ತು ಮಾಪಕದ ದತ್ತಾಂಶ. ಮಾಪಕ ಕೆಟ್ಟು ನಿಂತಿದೆ ಎಂದು ಜೂನ್ ಜುಲೈನಲ್ಲೇ ಪಂಚಾಯಿತಿಗೂ ತೋಟಗಾರಿಕೆ ಇಲಾಖೆಗೂ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆದ ಊರಿನವರ ವಾದಕ್ಕೂ, ಮಾರ್ಚಿನಲ್ಲಿ ಪರಿಹಾರ ಬರಲಿಲ್ಲವೆಂದು ಎಚ್ಚೆತ್ತ ಊರಿನವರ ವಾದಕ್ಕೂ ಅಜಗಜಾಂತರ. ಮನೆಯಂಗಳದ ಮಳೆ ಅಳತೆಯ ಡೈರಿ ಬರೆಯುವ ಹಿರಿಯರು ನಮ್ಮ ಕಡೆ ಇನ್ನೂ ಇದ್ದಾರೆ. ಅಂಥ ಡೈರಿ ಅಧಿಕೃತ ದತ್ತಾಂಶವನ್ನು ಬದಲಿಸಲಾರದು, ಆದರೆ ಪಂಚಾಯಿತಿಯ ಅಂಕಿ ಅನುಮಾನಾಸ್ಪದ ಎಂದು ತೋರಿಸಲು ನೆರವಾಗಬಲ್ಲದು.

ಇನ್ನೊಂದು ಬಗೆಯ ತಕರಾರು ಬ್ಯಾಂಕಿನದು. ಸೊಸೈಟಿಯಲ್ಲೋ ಬ್ಯಾಂಕಿನಲ್ಲೋ ವಂತಿಗೆ ಕಡಿತವಾಗಿರುತ್ತದೆ, ಸರ್ವೆ ನಂಬರು ತಪ್ಪಾಗಿ ಏರಿರುತ್ತದೆ ಅಥವಾ ಏರಿಯೇ ಇರುವುದಿಲ್ಲ. ಹಾಗಾದಾಗ ನಷ್ಟದ ಹೊಣೆ ತಪ್ಪು ಮಾಡಿದ ಸಂಸ್ಥೆಯದು ಎಂದು ಯೋಜನೆಯ ಮಾರ್ಗಸೂಚಿಯೇ ಹೇಳುತ್ತದೆ. ದೂರಿನಲ್ಲಿ ಬ್ಯಾಂಕನ್ನೂ ಎದುರುದಾರರನ್ನಾಗಿ ಸೇರಿಸಬೇಕು. ಬೆಳೆ ವಿಮೆಯ 'ಸಂರಕ್ಷಣೆ' ಜಾಲತಾಣದಲ್ಲಿ ತಮ್ಮ ಅರ್ಜಿಯ ವಿವರವನ್ನೂ ಪಹಣಿಯ ಬೆಳೆ ಕಾಲಮ್ಮನ್ನೂ ಪಕ್ಕಪಕ್ಕ ಇಟ್ಟು ನೋಡಿ, ಎರಡರಲ್ಲೂ ಒಂದೇ ಬೆಳೆ ಇದೆಯೇ ಎಂದು.

ಎಲ್ಲಿಗೆ ಹೋಗಬೇಕು ಎಂಬುದನ್ನು ಚಿಕ್ಕದಾಗಿ ಹೇಳುತ್ತೇನೆ. ಬೆಂಗಳೂರಿನಲ್ಲಿ ವಿಮಾ ಲೋಕಪಾಲರ ಕಚೇರಿಯಿದೆ. ಮೊದಲು ಕಂಪನಿಗೆ ಲಿಖಿತ ದೂರು ಕೊಟ್ಟು ಒಂದು ತಿಂಗಳು ಕಾಯಬೇಕು, ತಿರಸ್ಕಾರವಾಗಿ ಒಂದು ವರ್ಷದೊಳಗೆ ಅಲ್ಲಿಗೆ ಹೋಗಬೇಕು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ದೂರನ್ನು ಇಮೇಲಿನಲ್ಲೇ ಕಳಿಸಬಹುದು. 50 ಲಕ್ಷ ರೂಪಾಯಿವರೆಗಿನ ಅವರ ತೀರ್ಪಿಗೆ ಕಂಪನಿ ಬದ್ಧ, ಒಪ್ಪಿಗೆಯಾಗದಿದ್ದರೆ ನಿಮಗೆ ಮುಂದಿನ ದಾರಿ ತೆರೆದೇ ಇರುತ್ತದೆ. ಕಾಗದಪತ್ರಗಳಿಂದಲೇ ತೀರ್ಮಾನವಾಗುವ ಸರಳ ತಕರಾರಿಗೆ ನಾನು ಇದನ್ನೇ ಸೂಚಿಸುತ್ತೇನೆ, ಇದರಿಂದ ನನಗೆ ಕಕ್ಷಿದಾರರು ಕಡಿಮೆಯಾದರೂ ಸರಿ. ಸಾಕ್ಷಿ ವಿಚಾರಣೆ ಬೇಕಾದ, ಅಥವಾ ಕಂಪನಿಯ ನಡತೆಯನ್ನೇ ಪ್ರಶ್ನಿಸಬೇಕಾದ ಪ್ರಕರಣಕ್ಕೆ ಗ್ರಾಹಕ ಆಯೋಗವೇ ಸರಿ. 2019ರ ಕಾಯ್ದೆಯಿಂದಾಗಿ ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಮುಂಬಯಿ ಕಂಪನಿಯೂ ಶಿವಮೊಗ್ಗಕ್ಕೆ ಬಂದೇ ಉತ್ತರಿಸಬೇಕು. ಅಧಿಕಾರ ವ್ಯಾಪ್ತಿಯ ಲೆಕ್ಕಕ್ಕೆ ಹಿಡಿಯುವುದು ಕಟ್ಟಿದ ಕಂತನ್ನು, ಕೇಳುವ ಪರಿಹಾರವನ್ನಲ್ಲ. ಕಂತಿನ ಮೊತ್ತ ಐದು ಲಕ್ಷ ದಾಟದಿದ್ದರೆ ಶುಲ್ಕವೂ ಇಲ್ಲ. ಕಾಲಮಿತಿ ಎರಡು ವರ್ಷ. ಕಂಪನಿ ಮೇಲ್ಮನವಿ ಹೋಗಬೇಕಾದರೆ ಆದೇಶದ ಮೊತ್ತದ ಅರ್ಧವನ್ನು ಮೊದಲೇ ಠೇವಣಿ ಇಡಬೇಕು.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಲ್ಲಿದ್ದ ಒಬ್ಬ ತಾಯಿ ಎದ್ದು ನಿಂತರು. ಗಂಡ ತೀರಿಕೊಂಡು ಎರಡೂವರೆ ವರ್ಷವಾಯಿತು, ಜೀವ ವಿಮೆಯ ಕಾಗದಗಳನ್ನೆಲ್ಲ ಕೊಟ್ಟಾಗಿದೆ, ತಿರಸ್ಕಾರದ ಪತ್ರ ಬಂದೇ ಇಲ್ಲ, 'ಅದು ಆಗುವುದಿಲ್ಲವಂತೆ ಅಮ್ಮ' ಎಂದು ಏಜೆಂಟ್ ಬಾಯಲ್ಲಿ ಹೇಳಿದ್ದಷ್ಟೇ, ಈಗ ಕಾಲ ಮೀರಿತೇ ಎಂಬುದು ಅವರ ಪ್ರಶ್ನೆ. ಏಜೆಂಟನ ಬಾಯಿಮಾತು ಕಂಪನಿಯ ತೀರ್ಮಾನವಾಗುವುದಿಲ್ಲ, ಲಿಖಿತ ತಿರಸ್ಕಾರ ಕೈಸೇರದ ತನಕ ಎರಡು ವರ್ಷದ ಲೆಕ್ಕ ಶುರುವಾಗಿಲ್ಲ ಎಂದು ವಾದಿಸಲು ಬಲವಾದ ಆಧಾರವಿದೆ, ಆದರೂ ಮುಂಜಾಗ್ರತೆಗೆ ವಿಳಂಬ ಮನ್ನಿಸುವ ಅರ್ಜಿಯನ್ನೂ ದೂರಿನ ಜೊತೆಗೆ ಹಾಕೋಣ, ಅದಕ್ಕೂ ಮೊದಲು ತೀರ್ಮಾನವನ್ನು ಬರೆದು ತಿಳಿಸಿ ಎಂದು ಕಂಪನಿಗೆ ಸ್ಪೀಡ್ ಪೋಸ್ಟಿನಲ್ಲಿ ಒಂದು ಪತ್ರ ಹೋಗಲಿ ಎಂದೆ. ಸಭೆ ಚದುರಿದ ಮೇಲೆ ಸಂಘದ ಕಾರ್ಯದರ್ಶಿಗಳ ಮೇಜಿನ ಬಳಿ ಕುಳಿತು ಆ ಪತ್ರದ ಕರಡನ್ನು ಬರೆದೆವು. ಪಾಲಿಸಿಯ ಸಂಖ್ಯೆ ಅವರಿಗೆ ಬಾಯಿಪಾಠವಾಗಿತ್ತು.